ಎರಡು ಬೆರಳಿನಷ್ಟು ಜಾಗ

ಫೆಬ್ರವರಿ ೩

ಸೂಜಿ,

ಒಂದು ಮಾತು ನೆನಪಾಯಿತು, ಹೇಳಿದ್ದು ನೀನೋ, ಅಪ್ಪನೋ. ಹೆದರಿದ ಪ್ರಾಣಿಯ ಅಳತೆ ತೆಗೆಯಬಾರದು, ಅದು ಉಸಿರು ಹಿಡಿದುಕೊಂಡಿರುತ್ತದೆ, ಅಳತೆ ಸುಳ್ಳು ಬರುತ್ತದೆ ಅಂತ. ಯಾವ ಪ್ರಾಣಿಯ ಬಗ್ಗೆ ಹೇಳಿದ್ದೋ ನೆನಪಿಲ್ಲ. ಟೇಪು ಹಿಡಿದು ನಾಯಿಯ ಪಕ್ಕ ನೆಲದ ಮೇಲೆ ಕೂತಾಗ ಮಾತು ಮಾತ್ರ ಬಂತು, ಹೇಳಿದವರ ಮುಖ ಬರಲಿಲ್ಲ.

ಈ ನಾಯಿಯನ್ನು ನೀನು ನೋಡಿಲ್ಲ. ನೀನು ಬಂದು ಹೋದ ಮೇಲೆ ಬಂದವನು. ಕಾಲು ಗಿಡ್ಡ, ಕಿವಿ ನೆಲ ಗುಡಿಸುವಷ್ಟು ಉದ್ದ. ನೀರಿಟ್ಟರೆ ಮೊದಲು ಕಿವಿ ಕುಡಿಯುತ್ತದೆ, ಆಮೇಲೆ ಬಾಯಿ. ಜೋಲಪ್ಪ ಎಂದು ಹೆಸರಿಟ್ಟದ್ದು ನಿನ್ನ ಭಾವ.

ಅವನಿಗೊಂದು ಎದೆಪಟ್ಟಿ ಬೇಕು. ಕೊರಳಪಟ್ಟಿಗೆ ಹಗ್ಗ ಕಟ್ಟಿ ಹೊರಟರೆ ಎಳೆದೆಳೆದು ಕೆಮ್ಮುತ್ತಾನೆ. ಅಂಗಡಿಯಿಂದ ತಂದ ಎದೆಪಟ್ಟಿಯನ್ನು ತಲೆಯ ಮೇಲಿಂದ ತೊಡಿಸಬೇಕು; ತೊಡಿಸುವಾಗ ಒಂದು ಕಿವಿ ಮಡಚಿಕೊಂಡು ಪಟ್ಟಿಯ ಅಡಿಯಲ್ಲೇ ಉಳಿದುಬಿಡುತ್ತದೆ. ಅವನು ಕೂಗುವುದಿಲ್ಲ. ಸುಮ್ಮನೆ ನಿಂತು ನನ್ನ ಮುಖ ನೋಡುತ್ತಾನೆ. ಕಚ್ಚಿದ್ದರೆ ಎಷ್ಟೋ ವಾಸಿಯಾಗಿತ್ತು.

ಕೊರಳು ಹದಿನೆಂಟು ಇಂಚು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಪ್ಪತ್ತಾರು. ಬೆನ್ನಿನ ಮೇಲೆ ಒಂದು ಹಿಡಿ ಇರಲಿ, ಸೂಟ್‌ಕೇಸಿಗೆ ಇರುವಂಥದ್ದು, ಗಟ್ಟಿಯಾಗಿ ಹೊಲಿದದ್ದು. ಯಾಕೆಂದು ಕೇಳಬೇಡ. ಬಲವಾಗಿ ಎಳೆಯುತ್ತಾನೆ, ಅಷ್ಟೆ.

ನಿನ್ನ ಭಾವ ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ. ಅವರು ಕಾವಲಿದ್ದ ಗೋದಾಮಿಗೆ ಬೆಂಕಿ ಬಿದ್ದದ್ದು ನಿಮ್ಮ ಕಡೆಯ ಪತ್ರಿಕೆಯಲ್ಲೂ ಬಂದಿರಬಹುದು. ಅವರಿಗೇನೂ ಆಗಿಲ್ಲ. ಮಾಲೀಕರ ಕಡೆಯ ಇಬ್ಬರು ಸಂಜೆ ಹೊತ್ತು ಬಂದು ಯೋಗಕ್ಷೇಮ ವಿಚಾರಿಸುತ್ತಾರೆ. ತುಂಬ ಮರ್ಯಾದಸ್ಥರು, ಕಾಲೊರೆಸಿಕೊಂಡೇ ಒಳಗೆ ಬರುತ್ತಾರೆ. ಅವರಲ್ಲಿ ಗಿಡ್ಡನೆಯವನಿಗೆ ನಾಯಿ ಅಂದರೆ ಪ್ರಾಣವಂತೆ.

ನಿನ್ನ ಭಾವನ ಬಟ್ಟೆಯಿಂದ ಹತ್ತಿದ ಹೊಗೆಯ ವಾಸನೆ ಪರದೆಗಳಲ್ಲಿ ಇನ್ನೂ ಇದೆ. ಎರಡು ಸಲ ಒಗೆದೆ.

ಅಕ್ಕ


ಫೆಬ್ರವರಿ ೯

ಅಕ್ಕಾ,

ಅಪ್ಪನೂ ಅಲ್ಲ, ನಾನೂ ಅಲ್ಲ. ಅದನ್ನು ಹೇಳಿದ್ದು ನಮ್ಮ ಬೀದಿಯ ತುದಿಯಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಮುದುಕ. “ಹೊಟ್ಟೆ ಉಬ್ಬಿಸ್ಕೊಂಡು ನಿಲ್ತದೆ ಕಳ್ ಮುಂಡೇದು. ನಾಲ್ಕು ಹೆಜ್ಜೆ ನಡೆಸು, ಮರೀಲಿ, ಆಮೇಲೆ ಬಿಗಿ” ಅನ್ನುತ್ತಿದ್ದ. ನೀನು ಅವನಿಗೆ ಹೆದರಿ ಆ ಕಡೆಯ ಕಾಲುದಾರಿ ಬಿಟ್ಟು ಈ ಕಡೆ ನಡೆಯುತ್ತಿದ್ದೆ.

ಚೀಲ ಹೊಲಿಯುವವನಿಗೆ ನಾಯಿ ಹೊಸದು. ಚೀಲ ಉಸಿರಾಡುವುದಿಲ್ಲ, ಎಷ್ಟು ತುಂಬಿದರೂ ಕೆಮ್ಮುವುದಿಲ್ಲ. ಪ್ರವಾಸದ ಚೀಲಗಳಿಗೆ ಹಾಕುವ ಅಗಲದ ನೈಲಾನ್ ಪಟ್ಟಿಯಲ್ಲಿ ಮಾಡಿದ್ದೇನೆ. ಹಿಡಿಗೆ ನಾಲ್ಕು ಸಾಲು ಹೊಲಿಗೆ ಹಾಕಿದೆ. ನಾಯಿಯ ಜೊತೆ ನಿನ್ನನ್ನೂ ಎತ್ತಬಹುದು. ಇಪ್ಪತ್ತಾರರ ಎದೆಗೆ ಹದಿನೆಂಟರ ಕೊರಳು ಸ್ವಲ್ಪ ದಪ್ಪವಾಯಿತೇನೋ ಅನ್ನಿಸಿತು. ಆದರೆ ನೀನು ಯಾವತ್ತು ತಪ್ಪು ಅಳೆದಿದ್ದೀಯೆ? ನೀನು ಹೇಳಿದ ಅಳತೆಗೇ ಕತ್ತರಿಸಿದೆ.

ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಬೇಕಾದ ಚೀಲಗಳ ಕೆಲಸ ಇಲ್ಲಿ ಈಗಲೇ ಜೋರಾಗಿದೆ. ಅಂಗಡಿಗೆ ಫೋನ್ ಮಾಡಬೇಡ, ಗಿರಾಕಿಗಳ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆಚ್ಚು ಯೋಚನೆ ಮಾಡಬೇಡ.

ಸೂಜಿ


ಫೆಬ್ರವರಿ ೧೬

ಸೂಜಿ,

ಇದು ಅಂಚೆಯಲ್ಲಿ ಬರುತ್ತಿಲ್ಲ. ನಮ್ಮ ಕಣ್ಣಾಸ್ಪತ್ರೆಯ ನರ್ಸು ನಿಮ್ಮೂರಿನಲ್ಲಿರುವ ತನ್ನ ಅಕ್ಕನ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಟ್ಟಿದ್ದೇನೆ. ನಿನ್ನ ಹಿಂದಿನ ಲಕೋಟೆ ನನಗೆ ಸಿಕ್ಕಾಗ ಅದರ ಗೋಂದು ಇನ್ನೂ ಹಸಿಯಾಗಿತ್ತು.

ಪಟ್ಟಿ ಕಳಚಿಕೊಂಡಿತು. ತಪ್ಪು ನಿನ್ನದಲ್ಲ. ನಾನು ಕಿವಿ ಸೇರಿಸಿ ಅಳೆದಿದ್ದೆ. ಅವನ ಕಿವಿ ಕೊರಳಿಗೆ ಎಷ್ಟು ಮೆತ್ತಗೆ ಅಂಟಿಕೊಂಡಿರುತ್ತದೆಂದರೆ ಟೇಪು ಅದರ ಮೇಲೆ ಹಾದದ್ದೇ ಗೊತ್ತಾಗಲಿಲ್ಲ. ತೊಡಿಸಿ ಕಿವಿ ಹೊರಗೆಳೆದ ಕೂಡಲೇ ಅಷ್ಟೂ ಜಾಗ ಖಾಲಿಯಾಯಿತು. ಬೀದಿಯ ತಿರುವಿನಲ್ಲಿ ಅವನು ಹಿಂದಕ್ಕೆ ಜಗ್ಗಿದ, ತಲೆ ತಗ್ಗಿಸಿದ. ಪಟ್ಟಿ ನನ್ನ ಕೈಯಲ್ಲಿ ಉಳಿಯಿತು. ನಾಯಿ ಕಾಲುವೆಯ ಕಡೆ ಓಡಿತು.

ನಿನ್ನ ಪತ್ರದಲ್ಲಿ ಭಾವನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ನಾನು ಬರೆದ ಸುಳ್ಳನ್ನು ನಂಬಿದೆ ಎಂದುಕೊಂಡೆ. ಅವರು ಕೆಲಸದ ಮೇಲೆ ಹೋಗಿಲ್ಲ. ಬೆಂಕಿ ಬಿದ್ದ ಮೂರನೆಯ ದಿನ ಬ್ಲೇಡು ತರುತ್ತೇನೆಂದು ಚಪ್ಪಲಿ ಮೆಟ್ಟಿ ಹೋದವರು ಬಂದಿಲ್ಲ. ಹೋಗುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು: “ಹಿಂಬಾಗಿಲಿಗೆ ಹೊರಗಡೆಯಿಂದ ಬೀಗ ಹಾಕಿತ್ತು ಕಣೇ. ಬೀಗದ ಕೈ ನನಗೆ ಕೊಟ್ಟಿರಲಿಲ್ಲ. ಒಳಗಡೆ ಮೂವರು ಮಲಗಿದ್ರು.” ಆ ಮೂವರು ಮೂಟೆ ಹೊರುವವರು, ಹೊರಗೆ ಬರಲೇ ಇಲ್ಲ. ಬಾಗಿಲು ತೆರೆದೇ ಇತ್ತು, ಅವರೇ ಕುಡಿದು ಏಳಲಿಲ್ಲ ಎಂದು ನಿನ್ನ ಭಾವ ಹೇಳಿಕೆ ಕೊಡಬೇಕಂತೆ. ಸಂಜೆ ಬರುವ ಇಬ್ಬರಿಗೆ ಬೇಕಾದದ್ದು ಅದು.

ಠಾಣೆಗೆ ಹೋದೆ. ದೂರು ಬರೆದುಕೊಳ್ಳುವವರ ಮೇಜಿನ ಎದುರು ಆ ಇಬ್ಬರಲ್ಲಿ ಉದ್ದನೆಯವನು ಟೀ ಕುಡಿಯುತ್ತ ಕೂತಿದ್ದ. ಎದ್ದು ನಿಂತು ನನಗೆ ಕುರ್ಚಿ ಕೊಟ್ಟ. ನಾಯಿಗೆ ಲೈಸೆನ್ಸು ಎಲ್ಲಿ ಮಾಡಿಸಬೇಕೆಂದು ಕೇಳಿ ವಾಪಸು ಬಂದೆ.

ಜೋಲಪ್ಪ ದಿನಾ ಕಾಲುವೆಗೇ ಎಳೆಯುತ್ತಾನೆ. ದಂಡೆಯ ಮೇಲೆ ಒಂದು ಜಾಗದವರೆಗೆ ಮೂಸುತ್ತ ಹೋಗಿ ಅಲ್ಲಿ ಕೂತುಬಿಡುತ್ತಾನೆ, ನೀರಿಗೆ ಮುಖ ಮಾಡಿ. ಹಿಡಿ ಕೇಳಿದ್ದು ಅದಕ್ಕೆ, ಅವನನ್ನು ಅಲ್ಲಿಂದ ಎತ್ತಿ ತರಲು. ನಾನು ನೀರು ನೋಡುವುದಿಲ್ಲ. ಅದಕ್ಕೆ ಬೆನ್ನು ಹಾಕಿ ನಿಂತು ಎಳೆಯುತ್ತೇನೆ. ಮೊನ್ನೆ ಅವನು ಕಳಚಿಕೊಂಡು ಓಡಿದಾಗ ನನ್ನ ಕಾಲು ಹಿಂದೆ ಹೋಗಲೇ ಇಲ್ಲ, ತಿರುವಿನಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಗಿಡ್ಡನೆಯವನು ಆ ಕಡೆಯಿಂದ ಬಂದ, ನಾಯಿಯನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು. “ತಗೊಳ್ಳಿ ಮೇಡಂ. ಪಾಪ, ಯಾರನ್ನೋ ಹುಡುಕ್ತಿತ್ತು” ಅಂದ. ಕಾಲುವೆಯ ಹತ್ತಿರ ಅವನು ಏನು ಮಾಡುತ್ತಿದ್ದ?

“ಎಲ್ಲಿದ್ದಾರೆ ನಿಮ್ ಯಜಮಾನ್ರು?” ಎಂದು ದಿನಾ ಕೇಳುತ್ತಾರೆ. ಗೊತ್ತಿಲ್ಲ ಅನ್ನುತ್ತೇನೆ. ನನ್ನ ಮುಖ ನೋಡಿ ನಂಬುತ್ತಾರೆ. ಆಸ್ಪತ್ರೆಯಲ್ಲಿ ದಿನವಿಡೀ ಗೋಡೆಯ ಅಕ್ಷರಗಳಿಗೆ ಕಡ್ಡಿ ತೋರಿಸುವವಳು ನಾನು. ಕಾಣದವರು ಕಾಣುತ್ತದೆ ಎನ್ನುವಾಗ ಮುಖ ಹೇಗಾಗುತ್ತದೆಂದು ಬಲ್ಲೆ. ನಿಜವಾಗಿ ಗೊತ್ತಿಲ್ಲದವರ ಮುಖದಲ್ಲಿ ಏನೂ ನಡೆಯುವುದಿಲ್ಲ. ನನ್ನದು ಈಗ ಹಾಗಿದೆ.

ನಿನ್ನಲ್ಲಿಗೆ ಬಂದಿರಬಹುದೇ ಎಂದು ಒಂದು ಕ್ಷಣ ಅನ್ನಿಸಿತ್ತು. ಬಂದಿದ್ದರೆ ಹೇಳದೆ ಇರುತ್ತಿರಲಿಲ್ಲ. ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ.

ಕಿವಿ ಬಿಟ್ಟು ಅಳೆದರೆ ಕೊರಳು ಹದಿನೈದು. ಇನ್ನೊಂದು ಮಾಡಿ ಕಳಿಸು. ಈ ಸಲ ಅವನನ್ನು ನಾಲ್ಕು ಹೆಜ್ಜೆ ನಡೆಸಿ ಅಳೆದೆ. ನನ್ನನ್ನು ನಡೆಸುವವರು ಇರಲಿಲ್ಲ.

ಅಕ್ಕ


ಫೆಬ್ರವರಿ ೨೦

ಅಕ್ಕಾ,

ನಿನ್ನ ಮಾತು ತಲುಪಿತು. ಹೊಸ ಪಟ್ಟಿ ಇದರ ಜೊತೆಗಿದೆ. ಬೇರೆಯದೆಲ್ಲ ಸಿಕ್ಕಾಗ ಮಾತಾಡೋಣ.

ಇದನ್ನು ತಲೆಯ ಮೇಲಿಂದ ತೊಡಿಸಬೇಡ. ನೆಲದ ಮೇಲೆ ಹರಡು. ಮುಂಗಾಲುಗಳನ್ನು ಒಂದೊಂದಾಗಿ ಎರಡು ಕುಣಿಕೆಗಳೊಳಗೆ ಇಡಿಸು. ಆಮೇಲೆ ಪಟ್ಟಿಯನ್ನು ಎರಡೂ ಕಡೆಯಿಂದ ಮೇಲಕ್ಕೆತ್ತಿ ಬೆನ್ನಿನ ಮೇಲೆ ಬಕಲ್ಲು ಹಾಕು. ಕಿವಿಯ ತಂಟೆಗೇ ಹೋಗಬೇಕಾಗಿಲ್ಲ. ಆದರೂ ಕೊನೆಗೆ ಎರಡೂ ಕಿವಿ ಎತ್ತಿ, ಕೆಳಗೆ ಏನೂ ಸಿಕ್ಕಿಲ್ಲವೆಂದು ನೋಡು. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಆಡಬೇಕು. ಒಂದೇ ಹೋದರೆ ಬಿಗಿ, ಮೂರು ಹೋದರೆ ಮತ್ತೆ ಕಳಚಿಕೊಳ್ಳುತ್ತಾನೆ.

ಒಳಗಡೆ ಉಣ್ಣೆ ಬಟ್ಟೆ ಕೊಟ್ಟಿದೆ, ಕೈಯಲ್ಲೇ ಹೊಲಿದದ್ದು. ಬಕಲ್ಲನ್ನು ನಡುವಿನಿಂದ ಬಲಕ್ಕೆ ಸರಿಸಿದೆ, ಎಡಗಿವಿಯ ಹರಿದ ಅಂಚಿಗೆ ಉಜ್ಜದ ಹಾಗೆ. ತೊಡಿಸುವ ಮುಂಚೆ ಆ ಕಿವಿಯ ಬುಡ ಕೆರೆ. ಹಿಡಿದ ಉಸಿರು ಬಿಡುತ್ತಾನೆ.

ಸೂಜಿ


ಫೆಬ್ರವರಿ ೨೬

ಸೂಜಿ,

ನರ್ಸನ್ನು ಕಾಡಿ ಬೇಡಿ ಇವತ್ತಿನ ಬಸ್ಸಿಗೇ ಹತ್ತಿಸುತ್ತಿದ್ದೇನೆ. ಓದಿದ ಕೂಡಲೇ ಸುಟ್ಟುಬಿಡು.

ಪಾರ್ಸೆಲ್ಲು ನಿನ್ನೆ ಸಂಜೆ ಬಂತು, ಅವರಿಬ್ಬರೂ ಕೂತಿದ್ದಾಗ. ಆಮೇಲೆ ಬಿಚ್ಚುತ್ತೇನೆ ಎಂದರೂ ಗಿಡ್ಡನೆಯವನು ತನ್ನ ಚಾಕುವಿನಲ್ಲೇ ದಾರ ಕತ್ತರಿಸಿಕೊಟ್ಟ. ನೀನು ಬರೆದ ಹಾಗೆ ಪಟ್ಟಿಯನ್ನು ನೆಲದ ಮೇಲೆ ಹರಡಿದೆ. ಜೋಲಪ್ಪ ಬಂದ, ಮೂಗು ಇಟ್ಟ, ಮೈಯೆಲ್ಲ ಕಲ್ಲಾದ. ಆಮೇಲೆ ಒಂದು ಸದ್ದು ಮಾಡಿದ. ಆ ಸದ್ದು ನಿನಗೆ ಗೊತ್ತಿರಲಾರದು. ಪಾಳಿ ಮುಗಿಸಿ ಬಂದವರು ಗೇಟಿನ ಚಿಲಕ ತೆಗೆದಾಗ ಮಾಡುತ್ತಿದ್ದ ಸದ್ದು. ಉಣ್ಣೆಯನ್ನು ನೆಕ್ಕಿದ, ಅದರ ಮೇಲೆ ಉರುಳಿದ, ಎರಡೂ ಕಿವಿ ಅದರ ಮೇಲೆ ಹಾಸಿ ಮಲಗಿದ. ಕಾಲು ಇಡಿಸಲು ಹೋದರೆ ಪಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದಡಿ ಸೇರಿದ.

“ಏನ್ ಮೇಡಂ, ಬೆಲ್ಟಿಗೇ ಮುದ್ದು ಮಾಡ್ತಿದೆ!” ಎಂದು ಗಿಡ್ಡನೆಯವನು ನಕ್ಕ.

“ಹೊಸ ಚರ್ಮ ಅಲ್ವಾ, ತಿನ್ನೋದು ಅಂದ್ಕೊಂಡಿದೆ” ಅಂದೆ.

“ಚರ್ಮ ಎಲ್ಲಿದೆ ಮೇಡಂ” ಎಂದ ಉದ್ದನೆಯವನು. ಅವನು ನಗಲಿಲ್ಲ. “ನೈಲಾನು. ಉಣ್ಣೆ.”

ಹೋಗುವಾಗ ಪಾರ್ಸೆಲ್ಲಿನ ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡ, ನಿನ್ನ ಅಂಗಡಿಯ ವಿಳಾಸ ಮೇಲೆ ಬರುವ ಹಾಗೆ. “ಒಳ್ಳೆ ಕೈಕೆಲಸ. ನಮ್ ಹತ್ರನೂ ಒಂದ್ ನಾಯಿ ಇದೆ. ಹೋಗಿ ಮಾಡಿಸ್ಕೊಂಡ್ ಬರ್ತೀವಿ.” ವಿಳಾಸ ಅವರಿಗೆ ಮೊದಲೇ ಗೊತ್ತಿತ್ತು, ಸೂಜಿ, ನಿನ್ನ ಲಕೋಟೆಗಳ ಹಿಂದೆ ಇರುತ್ತದಲ್ಲ. ಚೀಲ ಹೊಲಿಯುವ ತಮ್ಮ, ನಾಯಿ ಬಿಟ್ಟರೆ ಬೇರೆ ಮಾತಿಲ್ಲ ಎಂದು ಬಿಟ್ಟಿದ್ದರು ಕಾಣುತ್ತದೆ. ಬೇಕು ಅನ್ನಿಸಿದ್ದು ಈಗ.

ಅವರು ಹೋದ ಮೇಲೆ ನಿನ್ನ ಪತ್ರವನ್ನು ಮತ್ತೆ ಓದಿದೆ. ಎಡಗಿವಿಯ ಹರಿದ ಅಂಚು. ಅದು ಕಳೆದ ಚಳಿಗಾಲದಲ್ಲಿ ತಂತಿಬೇಲಿಗೆ ಸಿಕ್ಕಿ ಹರಿದದ್ದು. ನಾನು ನಿನಗೆ ಬರೆದಿಲ್ಲ. ನೀನು ಈ ನಾಯಿಯನ್ನು ಕಣ್ಣಲ್ಲಿ ಕಂಡಿಲ್ಲ. ಬೇಲಿಯಿಂದ ಬಿಡಿಸಿದವರು, ಕಿವಿಯ ಬುಡ ಕೆರೆದು ಉಸಿರು ಬಿಡಿಸಿದವರು ಒಬ್ಬರೇ.

ನೆಲದ ಮೇಲೆ ಕೂತುಬಿಟ್ಟೆ. ಮಂಚದಡಿ ಕೈ ಚಾಚಿ ನಾನೂ ಆ ಉಣ್ಣೆಯನ್ನು ಮೂಸಿದೆ. ನನಗೆ ಬರೀ ಉಣ್ಣೆಯ ವಾಸನೆ ಬಂತು.

ಬೈಯಲು ಈಗ ಹೊತ್ತಿಲ್ಲ. ಅವರನ್ನು ಕೂಡಲೇ ಕಳಿಸಿಬಿಡು. ಎಲ್ಲಿಗೆ ಎಂದು ನನಗೆ ಹೇಳಬೇಡ. ನೀನೂ ಕೇಳಬೇಡ.

ಅಕ್ಕ


ಮಾರ್ಚ್ ೧

ಅಕ್ಕಾ,

ಇದು ನರ್ಸಮ್ಮನ ಕೈಯಲ್ಲಿ. ಇನ್ನೊಂದು ಸಲ ತರುವುದಿಲ್ಲ ಎಂದು ಹೇಳಿಯೇ ತೆಗೆದುಕೊಂಡಿದ್ದಾರೆ.

ನಿನ್ನ ಪತ್ರವನ್ನು ಭಾವನ ಎದುರಿಗೇ ಓದಿದೆ. ಹಿಂದಿನ ಕೋಣೆಯಲ್ಲಿ ಶಾಲೆಯ ಚೀಲಕ್ಕೆ ಜಿಪ್ಪು ಕೂಡಿಸುತ್ತಿದ್ದರು. ಕೈ ನಿಧಾನ, ಆದರೆ ಬಿಡದೆ ಹೊಲಿಯುತ್ತಿದ್ದರು. ಸುಮ್ಮನೆ ಕೂತರೆ ಆ ಮೂವರು ಬಾಗಿಲು ಬಡಿಯುವುದು ಕೇಳಿಸುತ್ತದೆ ಅನ್ನುತ್ತಿದ್ದರು. ಕಾಲುವೆಯ ದಂಡೆಯಲ್ಲಿ ಒಂದು ಇಟ್ಟಿಗೆ ಲಾರಿ ಹತ್ತಿ ಬಂದರಂತೆ. ನಿನ್ನ ನಾಯಿ ಕೂರುವುದು ಅದೇ ಜಾಗದಲ್ಲಿ ಇರಬೇಕು. ವಾಸನೆ ಅಲ್ಲಿಗೆ ಮುಗಿದಿದೆ, ಅಷ್ಟೆ.

ಮೊದಲ ದಿನವೇ ನಿನಗೆ ಬರೆಯುತ್ತೇನೆ ಅಂದಿದ್ದೆ. ಬೇಡ ಅಂದರು. “ನಿಮ್ಮಕ್ಕಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣಯ್ಯಾ. ಗೊತ್ತಿಲ್ದೇ ಇದ್ರೆ ಅವಳು ಹೇಳೋದು ನಿಜ ಆಗಿರುತ್ತೆ. ನಾನು ಅವಳಿಗೆ ಮಾಡಬಹುದಾದ್ದು ಅದೊಂದೇ.” ನೀನು ಕಾಲುವೆಗೆ ಬೆನ್ನು ಹಾಕಿ ನಿಲ್ಲುವುದನ್ನು ಓದಿದ ದಿನ ಊಟ ಬಿಟ್ಟರು. ಆದರೂ ಬೇಡ ಅಂದರು. ನಾನೂ ಒಪ್ಪಿದೆ. ನನಗೂ ಹೆದರಿಕೆ, ಅಕ್ಕಾ. ನಿನ್ನ ಹೆಸರು ಹೇಳಿಕೊಂಡು ನನ್ನ ಹೆದರಿಕೆಯನ್ನು ಕಾಪಾಡಿಕೊಂಡೆನೋ ಏನೋ.

ಎರಡನೆಯ ಪಟ್ಟಿಯ ಉಣ್ಣೆ ಹೊಲಿದದ್ದು ಅವರೇ. ಕಿವಿಯ ಸಾಲು ಅವರು ಹೇಳಿದ್ದು, ನಾನು ಬರೆದದ್ದು. “ಭಾವ, ಇದರಿಂದ ಅಕ್ಕನಿಗೆ ಗೊತ್ತಾಗಿಬಿಡುತ್ತೆ” ಅಂದೆ. “ಗೊತ್ತಾಗ್ಲಿ ಬಿಡು” ಅಂದರು. ನಾನು ಅಂಚೆಗೆ ಹಾಕಿ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು, ಆ ಸಾಲು ಹೊಡೆದುಹಾಕೋಣ ಎಂದು.

ನಿನ್ನ ಪತ್ರ ಓದಿದ ಮೇಲೆ ಭಾವ ಸೂಜಿಯಿಂದ ದಾರ ಬಿಡಿಸಿ, ಉಂಡೆಗೆ ಸುತ್ತಿಟ್ಟು, ಹಿಂಬಾಗಿಲಿನಿಂದ ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಮರುದಿನ ಅವರಿಬ್ಬರೂ ಬಂದರು. ಕಾಲೊರೆಸಿಕೊಂಡೇ ಒಳಗೆ ಬಂದರು. ನಾಯಿಗೆ ಬೆಲ್ಟು ಬೇಕು ಅಂದರು.

“ನಾಯಿ ಎಲ್ಲಿ ಸಾರ್?”

“ನಾಯಿ ಯಾಕೆ, ಅಳತೆ ಇದೆ” ಎಂದ ಗಿಡ್ಡನೆಯವನು. “ಕೊರಳು ಹದಿನೈದು. ಎದೆ ಇಪ್ಪತ್ತಾರು. ನಾನೇ ಎತ್ಕೊಂಡಿದ್ದೀನಲ್ಲ.”

ಅದು ಜೋಲಪ್ಪನ ಅಳತೆ. ಬರೆದುಕೊಂಡೆ. ಅಷ್ಟರಲ್ಲಿ ಉದ್ದನೆಯವನು ತೂಗುಹಾಕಿದ ಎರಡು ಚೀಲ ತೆಗೆದು ಬೆಳಕಿಗೆ ಹಿಡಿದ. “ಇದು ನಿಮ್ ಕೈ. ಇದು ಯಾರ್ದು?”

“ಅದೂ ನಂದೇ ಸಾರ್. ಕೈ ನಡುಗಿದಾಗ ಹೊಲಿದದ್ದು.”

“ಯಾಕ್ ನಡುಗ್ತು?”

ವಯಸ್ಸು ಸಾರ್ ಅಂದೆ. ಅವನು ಚೀಲವನ್ನು ಇದ್ದ ಕೊಕ್ಕೆಗೇ ತೂಗುಹಾಕಿ, ಅದರ ಬೆನ್ನನ್ನು ಒಮ್ಮೆ ತಟ್ಟಿದ. ಬೆಲ್ಟು ಆದ ಮೇಲೆ ಬಂದು ತೆಗೆದುಕೊಳ್ಳುತ್ತಾರಂತೆ. ಹೊಲಿಯುತ್ತಿದ್ದೇನೆ. ಹೊಲಿಯದೆ ಇದ್ದರೂ ಕಷ್ಟ.

ಸೂಜಿ


ಮಾರ್ಚ್ ೯

ಸೂಜಿ,

ಇದನ್ನು ಒಯ್ಯುವವರು ಯಾರೂ ಇಲ್ಲ. ಅಂಚೆಗೆ ಹಾಕುವ ಹಾಗಿಲ್ಲ. ಬರೆದು ಸಕ್ಕರೆ ಡಬ್ಬಿಯಡಿ ಇಡುತ್ತೇನೆ, ಸಿಕ್ಕಾಗ ಕೊಡುತ್ತೇನೆ.

ಜೋಲಪ್ಪ ಇವತ್ತು ಪಟ್ಟಿ ತೊಡಿಸಿಕೊಂಡ. ಇಷ್ಟು ದಿನ ಮಂಚದಡಿ ಅದನ್ನೇ ಅಪ್ಪಿಕೊಂಡು ಮಲಗುತ್ತಿದ್ದವನು ಬೆಳಿಗ್ಗೆ ಅದನ್ನು ಬಿಟ್ಟು ಎದ್ದು ಬಂದ. ನೆಲದ ಮೇಲೆ ಹರಡಿದೆ. ಒಂದು ಕಾಲಿಟ್ಟ, ಇನ್ನೊಂದು ಕಾಲಿಟ್ಟ. ಬಕಲ್ಲು ಹಾಕಿದೆ. ಕಿವಿ ಎತ್ತಿ ನೋಡಿದೆ, ಎಲ್ಲೂ ಸಿಕ್ಕಿರಲಿಲ್ಲ. ಎರಡು ಬೆರಳು ಸರಿಯಾಗಿ ಆಡಿದವು. ಎಷ್ಟು ಹಿತವಾಗಿ ಕೂತಿತ್ತೆಂದರೆ ಅವನು ಒಮ್ಮೆ ಮೈ ಕೊಡವಿ ಆಕಳಿಸಿದ. ಆಗ ನನಗೆ ಹೊಳೆಯಿತು. ಅವನು ಸುಮ್ಮನಾದದ್ದು ಉಣ್ಣೆಯಲ್ಲಿ ವಾಸನೆ ತೀರಿದ್ದರಿಂದ. ಈಗ ಅದು ಬರೀ ಪಟ್ಟಿ.

ಕಾಲುವೆಯ ಕಡೆ ಎಳೆಯಲಿಲ್ಲ. ನಾನೇ ಎಳೆದುಕೊಂಡು ಹೋದೆ. ದಂಡೆಯ ಮೇಲೆ ನಿಂತು ಮೊದಲ ಸಲ ನೀರು ನೋಡಿದೆ. ಒಂದು ಪ್ಲಾಸ್ಟಿಕ್ ಡಬ್ಬಿ ತೇಲುತ್ತಿತ್ತು. ಇಷ್ಟು ದಿನ ನಾನು ಹೆದರಿದ್ದು ಈ ನೀರಿಗೆ; ಆ ಹೆದರಿಕೆಗೆ ಒಂದು ಜಾಗವಾದರೂ ಇತ್ತು. ಈಗ ಅದು ಯಾವ ಲಾರಿಯ ಜೊತೆ ಹೋಯಿತೋ.

ಸಂಜೆ ಅವರು ಬಂದರು. ಗಿಡ್ಡನೆಯವನ ಕೈಯಲ್ಲಿ ನೀನು ಹೊಲಿದ ಹೊಸ ಬೆಲ್ಟು ಇತ್ತು. ನಾಯಿ ಇರಲಿಲ್ಲ. ಬೆಲ್ಟನ್ನು ಮೇಜಿನ ಮೇಲೆ, ನನ್ನ ಟೀ ಲೋಟದ ಪಕ್ಕ, ಸುತ್ತಿ ಇಟ್ಟ. “ಎಲ್ಲಿದ್ದಾರೆ ಮೇಡಂ?” ಎಂದು ಕೇಳಿದ, ಎಂದಿನ ಹಾಗೆ, ಮೆಲ್ಲಗೆ.

“ಗೊತ್ತಿಲ್ಲ” ಅಂದೆ.

ನಿಜವನ್ನೇ ಹೇಳಿದೆ. ಆದರೆ ಅವನು ನನ್ನ ಮುಖವನ್ನು ಮೊದಲಿಗಿಂತ ಹೆಚ್ಚು ಹೊತ್ತು ನೋಡಿದ. ಅಕ್ಷರ ಕಾಣುತ್ತಿದ್ದೂ ಕಾಣುವುದಿಲ್ಲ ಎನ್ನುವವರು ಅಪರೂಪಕ್ಕೆ ಬರುತ್ತಾರೆ, ರಜೆ ಬೇಕಾದವರು. ಅವರನ್ನು ಹಿಡಿಯುವುದು ಬಹಳ ಸುಲಭ. ಕಾಣದವರು ಗೋಡೆಯನ್ನು ದಿಟ್ಟಿಸುತ್ತಾರೆ. ಕಾಣುವವರು ಗೋಡೆಯಿಂದ ಬೇಗ ಕಣ್ಣು ತೆಗೆಯುತ್ತಾರೆ. ನಾನು ಅವನಿಂದ ಬೇಗ ಕಣ್ಣು ತೆಗೆದೆ. ಬದುಕಿದ್ದಾರೆ ಎಂಬುದಷ್ಟೇ ಗೊತ್ತಿರುವವಳ ಮುಖದಲ್ಲಿ ಅದೂ ಕಂಡಿತೇನೋ.

“ನಾಳೆ ಬರ್ತೀವಿ” ಅಂದರು. ಬೆಲ್ಟು ಇಲ್ಲೇ ಬಿಟ್ಟು ಹೋಗಿದ್ದಾರೆ.

ಇಷ್ಟು ನಿನಗೆ, ಸೂಜಿ. ಇನ್ನೊಂದು ಮಾತಿದೆ, ಅದು ನಿನಗಲ್ಲ. ನಿನ್ನ ಭಾವ ಯಾವತ್ತಾದರೂ ನಿನ್ನ ಹಿಂಬಾಗಿಲು ತಟ್ಟಿದರೆ ಓದಿ ಹೇಳು.

ನೋಡಿ, ನಾಯಿಗೆ ಎಲ್ಲಿ ಉಜ್ಜುತ್ತದೆ ಎಂದು ನಿಮಗೆ ಅಷ್ಟು ದೂರದಿಂದಲೂ ನೆನಪಿತ್ತು. ಉಸಿರು ಕಟ್ಟಬಾರದು, ಕಳಚಿಕೊಂಡೂ ಹೋಗಬಾರದು ಎಂದು ಎರಡು ಬೆರಳಿನಷ್ಟು ಜಾಗ ಅಳೆದು ಬಿಟ್ಟಿರಿ. ಮೊದಲು ನನಗೆ ಏನೂ ತಿಳಿಸದೆ ಹೋದಿರಿ, ಆಮೇಲೆ ಒಂದು ಕಿವಿಯಷ್ಟು ತಿಳಿಸಿದಿರಿ. ನಾಳೆ ಸಂಜೆ ಅವರು ಇದೇ ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡುತ್ತಾರೆ. ನನಗೆ ಎಷ್ಟು ಬೆರಳು ಬಿಟ್ಟು ಹೋಗಿದ್ದೀರಿ?